ಮೊದಲು ಯಾವುದು, ಆಮೇಲೆ ಯಾವುದು

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರು ನಮ್ಮಲ್ಲಿ ಸಾಮಾನ್ಯವಾಗಿ ಮೂರು ಪರೀಕ್ಷೆಗಳ ಕಡೆ ಕಣ್ಣಿಟ್ಟಿರುತ್ತಾರೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಸಂಯೋಜಿತ ಭೂವಿಜ್ಞಾನಿ ಪರೀಕ್ಷೆ ಅವುಗಳಲ್ಲಿ ದೊಡ್ಡದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಜನ ಸೇರುವುದು ಅದರ ಮೂಲಕ. ಪೂರ್ವಭಾವಿಗೆ 400 ಅಂಕ, ಮುಖ್ಯ ಪರೀಕ್ಷೆಗೆ 600, ಸಂದರ್ಶನಕ್ಕೆ 200. ಸಂಶೋಧನೆಯ ದಾರಿ ಹಿಡಿಯುವವರಿಗೆ ಗೇಟ್ ಇದೆ, ನೆಟ್ ಇದೆ. ಮೂರರ ಪಠ್ಯಕ್ರಮವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಂಥವರಿಗೂ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಹರಳುಗಳ ಸಮಮಿತಿಯಿಂದ ಹಿಡಿದು ಹಿಮನದಿಗಳವರೆಗೆ, ಚಿನ್ನದ ಅದಿರಿನಿಂದ ಕೊಳವೆಬಾವಿಯವರೆಗೆ, ಟ್ರೈಲೋಬೈಟಿನಿಂದ ಭೂಕಂಪದ ಅಲೆಯವರೆಗೆ ಎಲ್ಲವೂ ಅದರಲ್ಲಿದೆ. ಇಷ್ಟನ್ನು ಕಂಡ ವಿದ್ಯಾರ್ಥಿ ಮಾಡುವ ಮೊದಲ ಕೆಲಸ ಪಟ್ಟಿ ಹಾಕುವುದು. ಮೋಸ್ ಮಾಪಕದ ಹತ್ತು ಖನಿಜಗಳು ಒಂದು ಹಾಳೆಯಲ್ಲಿ, ಭೂಕಾಲಮಾನದ ಯುಗಗಳು ಇನ್ನೊಂದರಲ್ಲಿ, ಧಾರವಾಡ ಶಿಲೆಗಳ ಗುಂಪು ಉಪಗುಂಪುಗಳು ಮತ್ತೊಂದರಲ್ಲಿ. ಆಮೇಲೆ ಬೆಳಗ್ಗೆ ಸಂಜೆ ಬಾಯಿಪಾಠ. ಪರೀಕ್ಷೆ ಹತ್ತಿರವಾದಂತೆ ಹಾಳೆಗಳು ಹೆಚ್ಚುತ್ತವೆ, ನೆನಪಿನಲ್ಲಿ ಉಳಿಯುವುದು ಕಡಿಮೆಯಾಗುತ್ತದೆ.

ಪರೀಕ್ಷೆಗೆ ಓದುವುದನ್ನು ಕೀಳಾಗಿ ಕಾಣುವವನು ನಾನಲ್ಲ. ಗುರಿ ಇಟ್ಟುಕೊಂಡು ಒಂದು ಶಾಸ್ತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅವಕಾಶ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುತ್ತದೆ, ಅದು ಇಂಥ ಪರೀಕ್ಷೆಯ ನೆಪದಲ್ಲೇ ಸಿಗುತ್ತದೆ. ಹಾಗಾಗಿಯೇ ಅದನ್ನು ಹೇಗೆ ಓದಬೇಕು ಎಂಬ ವಿಚಾರ ನನಗೆ ಮುಖ್ಯ. ನನ್ನ ವಾದ ಇಷ್ಟು: ಭೂವಿಜ್ಞಾನ ಬುಡದಲ್ಲಿ ಕ್ರಮದ ಶಾಸ್ತ್ರ. ಬಂಡೆಯ ಮುಂದೆ ನಿಂತ ಭೂವಿಜ್ಞಾನಿ ಕೇಳುವ ಮೊದಲ ಪ್ರಶ್ನೆ ಇದರಲ್ಲಿ ಮೊದಲು ಆದದ್ದು ಯಾವುದು, ಆಮೇಲೆ ಆದದ್ದು ಯಾವುದು, ಅದು ಗೊತ್ತಾದದ್ದು ಹೇಗೆ ಎಂಬುದು. ಪುಸ್ತಕದ ಪ್ರತಿ ಪುಟಕ್ಕೂ ಪರೀಕ್ಷಾರ್ಥಿ ಇದೇ ಪ್ರಶ್ನೆ ಹಾಕುತ್ತಾ ಓದಿದರೆ ಪಟ್ಟಿಗಳಲ್ಲಿ ಬಹುಪಾಲು ತಾವಾಗಿಯೇ ಕಾರಣ–ಕಾರ್ಯಗಳ ಸರಪಳಿಗಳಾಗುತ್ತವೆ. ಸರಪಳಿಯಲ್ಲಿ ಒಂದು ಕೊಂಡಿ ಮರೆತರೂ ಅಕ್ಕಪಕ್ಕದವನ್ನು ಹಿಡಿದು ಅದನ್ನು ಮತ್ತೆ ಕಂಡುಕೊಳ್ಳಬಹುದು. ಪಟ್ಟಿಯಲ್ಲಿ ಮರೆತದ್ದು ಮರೆತೇ ಹೋಗುತ್ತದೆ.

ಶಿಲಾಶಾಸ್ತ್ರದ ಪತ್ರಿಕೆಯಲ್ಲಿ ಬೋವೆನ್ ಸರಣಿಯ ಬಗ್ಗೆ ಪ್ರಶ್ನೆ ಬರುವುದು ಸಾಮಾನ್ಯ. ಕಾರ್ನೆಗಿ ಸಂಸ್ಥೆಯ ಭೂಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಬೋವೆನ್, ಕರಗಿದ ಶಿಲಾಪಾಕ ತಣ್ಣಗಾಗುವಾಗ ಯಾವ ಖನಿಜ ಮೊದಲು ಹರಳಾಗುತ್ತದೆ, ಯಾವುದು ಕೊನೆಗೆ ಎಂದು ಕುಲುಮೆಯಲ್ಲಿ ಪ್ರಯೋಗ ಮಾಡಿ ನೋಡಿದರು. ಒಂದು ಕವಲಿನಲ್ಲಿ ಆಲಿವಿನ್, ಪೈರಾಕ್ಸೀನ್, ಹಾರ್ನ್‌ಬ್ಲೆಂಡ್, ಬಯೊಟೈಟ್. ಇನ್ನೊಂದು ಕವಲಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೊಕ್ಲೇಸಿನಿಂದ ಸೋಡಿಯಂ ಹೆಚ್ಚಿರುವುದರ ಕಡೆಗೆ. ಎರಡೂ ಕೂಡಿದ ಮೇಲೆ ಪೊಟ್ಯಾಶ್ ಫೆಲ್ಡ್‌ಸ್ಪಾರ್, ಮಸ್ಕೊವೈಟ್, ಕಟ್ಟಕಡೆಗೆ ಬೆಣಚು. ವಿದ್ಯಾರ್ಥಿ ಇದನ್ನು ಉರು ಹೊಡೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾನೆ. ಶಿಥಿಲೀಕರಣದ ಅಧ್ಯಾಯದಲ್ಲಿ ಗೋಲ್ಡಿಚ್ 1938ರಲ್ಲಿ ಕೊಟ್ಟ ಸರಣಿ ಎದುರಾದಾಗ ಅದನ್ನೂ ಬೇರೆಯಾಗಿ ಉರು ಹೊಡೆಯುತ್ತಾನೆ. ಆದರೆ ಎರಡೂ ಒಂದೇ ಸರಣಿ. ಹೆಚ್ಚು ಕಾವಿನಲ್ಲಿ ಮೊದಲು ಹುಟ್ಟಿದ ಖನಿಜಕ್ಕೆ ನೆಲದ ಮೇಲಿನ ತಂಪು, ನೀರು, ಗಾಳಿ ತೀರ ಪರಕೀಯ. ಅದು ಬೇಗ ಕೊಳೆಯುತ್ತದೆ. ಕೊನೆಗೆ ಹುಟ್ಟಿದ ಬೆಣಚು ಕೊನೆಯವರೆಗೆ ಬಾಳುತ್ತದೆ. ಬೆಂಗಳೂರಿನಿಂದ ಮೈಸೂರಿನವರೆಗೆ ಎಲ್ಲಿಯಾದರೂ ಒಂದು ಹಿಡಿ ಕೆಂಪು ಮಣ್ಣು ತೆಗೆದು ಅಂಗೈಯಲ್ಲೇ ನೀರು ಹಾಕಿ ತೊಳೆಯಿರಿ. ಕೆಂಪು ರಾಡಿಯೆಲ್ಲ ಹರಿದುಹೋದ ಮೇಲೆ ಉಳಿಯುವುದು ಮೂಲೆ ಚೂಪಾದ ಬೆಣಚಿನ ಹರಳುಗಳು. ಹರಿದುಹೋದದ್ದು ಒಂದು ಕಾಲದ ಫೆಲ್ಡ್‌ಸ್ಪಾರಿನ ಜೇಡಿ. ಅದರ ಕೆಂಪು ಬಯೊಟೈಟ್, ಹಾರ್ನ್‌ಬ್ಲೆಂಡುಗಳ ಕಬ್ಬಿಣ. ಈ ಒಂದು ಹಿಡಿ ಮಣ್ಣಿನಲ್ಲಿ ಅಗ್ನಿಶಿಲೆಯ ಅಧ್ಯಾಯ, ಮಣ್ಣಿನ ಅಧ್ಯಾಯ, ಮರಳುಗಲ್ಲಿನ ಅಧ್ಯಾಯ ಮೂರೂ ಇವೆ. ಇದೇ ಕೊಳೆಯುವಿಕೆ ಮಳೆಯ ನಾಡಿನಲ್ಲಿ ಇನ್ನೂ ಮುಂದಕ್ಕೆ ಹೋಗಿ, ಸಿಲಿಕಾ ಕೂಡ ತೊಳೆದುಹೋಗಿ, ಕಬ್ಬಿಣ–ಅಲ್ಯೂಮಿನಿಯಂ ಮಾತ್ರ ಉಳಿದರೆ ಕರಾವಳಿಯ ಜಂಬಿಟ್ಟಿಗೆ. ಬಾಕ್ಸೈಟಿನ ಪ್ರಶ್ನೆಗೂ ಉತ್ತರ ಅಲ್ಲೇ ಸಿಕ್ಕಿತು.

ಕರ್ನಾಟಕದ ವಿದ್ಯಾರ್ಥಿಗೆ ಈ ಕ್ರಮದ ಪಾಠಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಮನೆಯ ಹತ್ತಿರವೇ ಇದೆ. ಧಾರವಾಡ ಶಿಲೆಗಳು ಹಳೆಯವೋ, ಅವುಗಳ ಸುತ್ತ ಹರಡಿರುವ ಗ್ನೈಸ್ ಹಳೆಯದೋ ಎಂಬ ವಾದ ನಮ್ಮ ಭೂವಿಜ್ಞಾನದಲ್ಲಿ ಹಲವು ದಶಕಗಳ ಕಾಲ ನಡೆಯಿತು. ಧಾರವಾಡ ಎಂಬ ಹೆಸರು ಕೊಟ್ಟ ರಾಬರ್ಟ್ ಬ್ರೂಸ್ ಫೂಟ್, ಗ್ನೈಸಿನ ಮೇಲೆ ಈ ಶಿಲೆಗಳು ಆಮೇಲೆ ಬಂದು ಕೂತವು ಎಂದು ತಿಳಿದಿದ್ದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಮತ್ತು ಅವರ ಸಂಗಡಿಗರಿಗೆ ಕಂಡದ್ದು ಇದಕ್ಕೆ ತದ್ವಿರುದ್ಧ: ಧಾರವಾಡ ಶಿಲೆಗಳ ತುಣುಕುಗಳು ಗ್ನೈಸಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿವೆ, ಹಾಗಾಗಿ ಧಾರವಾಡವೇ ಹಳೆಯದು, ಗ್ನೈಸ್ ಆಮೇಲೆ ನುಗ್ಗಿದ್ದು. ಇಬ್ಬರೂ ಕಣ್ಣಿಂದ ಕಂಡದ್ದನ್ನೇ ಹೇಳಿದ್ದರು, ಇಬ್ಬರ ತರ್ಕವೂ ಸರಿಯಾಗಿತ್ತು. ಬಿಡಿಸಲಾಗದ ಈ ಗಂಟನ್ನು ಬಿಡಿಸಿದ್ದು ಮತ್ತೆ ಬಂಡೆಗಳೇ. ತರೀಕೆರೆ ಬಳಿ ಧಾರವಾಡ ಶಿಲೆಗಳಿಗೇ ಸೇರಿದ ಕಲ್ದುರ್ಗದ ಕಾಂಗ್ಲೊಮರೇಟಿನಲ್ಲಿ ಗ್ನೈಸ್, ಗ್ರಾನೈಟುಗಳ ಉರುಟುಗಲ್ಲುಗಳಿವೆ. ಉರುಟುಗಲ್ಲಾಗಿ ಉರುಳಿ ಬರಬೇಕಾದರೆ ಗ್ನೈಸ್ ಆಗಲೇ ನೆಲದ ಮೇಲೆ ತೆರೆದುಕೊಂಡು ಕೊರೆದುಹೋಗುತ್ತಿರಬೇಕು. ಬಾಬಾಬುಡನ್ ಶಿಲೆಗಳ ತಳದಲ್ಲೂ ಬೆಣಚಿನ ಉರುಟುಗಲ್ಲುಗಳ ಪದರ ಗ್ನೈಸಿನ ಮೇಲೆ ಕೂತಿದೆ. ಹಾಗಾದರೆ ಧಾರವಾಡ ಕಿರಿಯದು. ಸ್ಮೀತ್ ಕಂಡ ತುಣುಕುಗಳು ಏನು? ಅವು ಇನ್ನೂ ಹಿರಿಯ ಬೇರೊಂದು ತಲೆಮಾರಿನವು. ಸರಗೂರು, ಹೊಳೆನರಸೀಪುರ, ನುಗ್ಗೇಹಳ್ಳಿ ಸುತ್ತ ಗ್ನೈಸಿನೊಳಗೆ ಸಿಗುವ ಇವಕ್ಕೆ ಸರಗೂರು ಗುಂಪು ಎಂದು ಹೆಸರಾಯಿತು. ಮೊದಲು ಸರಗೂರು, ಆಮೇಲೆ ಗ್ನೈಸ್, ಆಮೇಲೆ ಧಾರವಾಡ, ಸುಮಾರು 250 ಕೋಟಿ ವರ್ಷದ ಹಿಂದೆ ಇವೆಲ್ಲವನ್ನೂ ಸೀಳಿಕೊಂಡು ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್, ಮುಂದೆ ಕಪ್ಪು ಡಾಲರೈಟಿನ ಗೋಡೆಗಳು. ಪಠ್ಯಪುಸ್ತಕ ಇದನ್ನು ಐದು ಸಾಲಿನ ಕೋಷ್ಟಕವಾಗಿ ಕೊಡುತ್ತದೆ. ಕೋಷ್ಟಕದ ಹಿಂದಿನ ಈ ಜಗಳವನ್ನು ಒಮ್ಮೆ ತಿಳಿದುಕೊಂಡವನು ಯಾವ ಸಾಲು ಮೇಲೆ, ಯಾವುದು ಕೆಳಗೆ ಎಂದು ಪರೀಕ್ಷಾ ಕೊಠಡಿಯಲ್ಲಿ ತಡಬಡಾಯಿಸುವುದಿಲ್ಲ. ಬೇರೆ ನಾಡಿನ ಬೇರೆ ಕೋಷ್ಟಕವನ್ನು ಓದುವ ಕಣ್ಣೂ ಅವನಿಗೆ ಬಂದಿರುತ್ತದೆ. ಒಂದನ್ನು ಇನ್ನೊಂದು ಕತ್ತರಿಸಿದ್ದರೆ ಕತ್ತರಿಸಿದ್ದು ಕಿರಿಯದು, ಒಂದರೊಳಗೆ ಇನ್ನೊಂದರ ತುಣುಕಿದ್ದರೆ ತುಣುಕು ಹಿರಿಯದು. ಗೋಡೆ ಎದ್ದ ಮೇಲೆ ತಾನೇ ಬಿರುಕು ಬಿಡುವುದು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಂಡೆಯನ್ನೂ ಇಲ್ಲಿ ಹೇಳಬೇಕು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಆ ದಿಬ್ಬದಲ್ಲಿ ದಿಂಬು ಲಾವಾ ಇದೆ. ನೀರಿನಡಿಯಲ್ಲಿ ಉಕ್ಕಿದ ಬಸಾಲ್ಟ್ ಹೊರಗೆ ಬಂದ ಕೂಡಲೇ ತಣ್ಣೀರಿಗೆ ಸಿಕ್ಕಿ ಮೇಲ್ಮೈ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಅದನ್ನು ಉಬ್ಬಿಸುತ್ತದೆ, ಒಂದರ ಮೇಲೊಂದು ಉಂಡೆ ಕೂರುತ್ತದೆ. ಬಂಡೆಯ ಮುಖವನ್ನು ಹತ್ತಿರದಿಂದ ನೋಡಿದರೆ ಪ್ರತಿ ದಿಂಬಿನ ಅಂಚಿಗೂ ಸಣ್ಣ ಕಣದ ಗಾಢ ಬಣ್ಣದ ಸಿಪ್ಪೆ ಕಾಣುತ್ತದೆ. ದಿಂಬಿನ ಮೇಲ್ಭಾಗ ಗುಮ್ಮಟದಂತೆ ಉಬ್ಬಿರುತ್ತದೆ. ಕೆಳಭಾಗ ಮಾತ್ರ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಮುಂದೆ ಆ ಶಿಲೆ ಮಡಿಸಿ, ವಾಲಿ, ತಲೆಕೆಳಗೇ ಆದರೂ ಆ ಚೂಪು ಇಂದಿಗೂ ತನ್ನ ಹಳೆಯ ಕೆಳಗನ್ನು ತೋರಿಸುತ್ತದೆ. ಪದರಗಳ ಮೇಲು–ಕೆಳಗು ತಿಳಿಯುವ ಗುರುತುಗಳು ಎಂಬ ಪ್ರಶ್ನೆಗೆ ಅಡ್ಡಪದರ, ಶ್ರೇಣೀಕೃತ ಪದರ, ತೆರೆಗುರುತು, ದಿಂಬು ಲಾವಾ ಎಂದು ನಾಲ್ಕು ಹೆಸರು ಬರೆದು ಬರುವವರು ಬಹಳ. ಪ್ರತಿಯೊಂದೂ ಏಕೆ ಗುರುತಾಗುತ್ತದೆ ಎಂದು ಚಿತ್ರ ಬರೆದು ತೋರಿಸುವವರು ಕಡಿಮೆ. ಬಾದಾಮಿಯ ಮರಳುಗಲ್ಲಿನಲ್ಲಿ ಅಡ್ಡಪದರಗಳು ಧಾರಾಳವಾಗಿವೆ. ಅಲ್ಲಿನ ಗುಹಾದೇವಾಲಯಗಳಿಂದಲೇ ಆ ಶಿಲಾಘಟಕಕ್ಕೆ ಹೆಸರು ಬಂದಿದೆ.

ಇಲ್ಲಿ ಮೊದಲ ಆಕ್ಷೇಪಣೆ ಬರುತ್ತದೆ, ಅದು ಗಟ್ಟಿಯಾದದ್ದು. ಪೂರ್ವಭಾವಿಯಲ್ಲಿ, ಗೇಟಿನಲ್ಲಿ ಚಿತ್ರ ಬರೆಯಲು ಜಾಗವೇ ಇಲ್ಲ. ನಾಲ್ಕು ಆಯ್ಕೆ ಕೊಡುತ್ತಾರೆ, ಸರಿಯಾದದ್ದನ್ನು ಗುರುತಿಸಬೇಕು, ಮಾಹಿತಿ ತಲೆಯಲ್ಲಿದ್ದರೆ ಸಾಕು ಎನ್ನುತ್ತಾರೆ. ಆದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಿವು. ಪೂರ್ವಭಾವಿಯಲ್ಲಿ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ಇಂಥ ಕಡೆ ಸರಿ ಉತ್ತರ ಗೊತ್ತಿರುವುದು ಎಷ್ಟು ಮುಖ್ಯವೋ ತಪ್ಪು ಆಯ್ಕೆಯನ್ನು ತಳ್ಳಿಹಾಕುವ ಶಕ್ತಿಯೂ ಅಷ್ಟೇ ಮುಖ್ಯ. ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ತೆಗೆದುಕೊಳ್ಳಿ. ಪಶ್ಚಿಮ ಭಾರತ, ಲಾವಾ, ಕಂಬದಾಕಾರ ಎಂಬ ಮೂರು ಮಾಹಿತಿ ಮಾತ್ರ ತಲೆಯಲ್ಲಿದ್ದವರು ಅದನ್ನು ದಖ್ಖನ್ ಟ್ರ್ಯಾಪ್ ಎಂದು ಗುರುತು ಹಾಕಿ ಬರುತ್ತಾರೆ. ಆ ಶಿಲೆಗಳ ವಯಸ್ಸು ಸುಮಾರು 8.8 ಕೋಟಿ ವರ್ಷ, ಭಾರತದಿಂದ ಮಡಗಾಸ್ಕರ್ ಬಿಟ್ಟುಹೋದ ಕಾಲದವು. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಮೊದಲು ಮಡಗಾಸ್ಕರ್, ಆಮೇಲೆ ದಖ್ಖನ್ ಎಂಬ ಕ್ರಮ ಮನಸ್ಸಿನಲ್ಲಿ ನಿಂತಿದ್ದರೆ ಆ ತಪ್ಪಿಗೆ ಅವಕಾಶವೇ ಇಲ್ಲ. ಜೋಡಿಸಿ ಬರೆಯುವ ಪ್ರಶ್ನೆಗಳಲ್ಲೂ ಹೀಗೆಯೇ: ನಾಲ್ಕರಲ್ಲಿ ಎರಡು ಜೋಡಿ ಕ್ರಮಕ್ಕೆ ಹೊಂದುವುದಿಲ್ಲ ಎಂದು ಕಂಡರೆ ಉಳಿದ ಕೆಲಸ ಹಗುರ.

ಎಲ್ಲದಕ್ಕೂ ಕ್ರಮವಿಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಇದನ್ನು ಒಪ್ಪುತ್ತೇನೆ. ಹರಳುಗಳ 32 ವರ್ಗಗಳಲ್ಲಿ ಮೊದಲು ಆಮೇಲೆ ಎಂಬುದಿಲ್ಲ. ಸೂಕ್ಷ್ಮದರ್ಶಕದಡಿ ಯಾವ ಖನಿಜ ಯಾವ ಬಣ್ಣ ತೋರಿಸುತ್ತದೆ, ಯಾವ ಅದಿರು ಯಾವ ಜಿಲ್ಲೆಯಲ್ಲಿದೆ, ಇವನ್ನು ನೆನಪಿಟ್ಟೇ ತೀರಬೇಕು, ಬಾಯಿಪಾಠಕ್ಕೆ ಇಲ್ಲಿ ನ್ಯಾಯವಾದ ಜಾಗವಿದೆ. ಒಂದು ಮಾತು ಮಾತ್ರ: ಹರಳನ್ನು ಪುಟದ ಮೇಲೆ ಕಲಿಯುವುದಕ್ಕಿಂತ ರಟ್ಟಿನಲ್ಲಿ ಕತ್ತರಿಸಿ ಮಾಡಿ, ಕೈಯಲ್ಲಿ ತಿರುಗಿಸಿ, ಅಕ್ಷಗಳನ್ನು ಬೆರಳಿಂದ ಹಿಡಿದು ಕಲಿತರೆ ಬೇಗ ಹತ್ತುತ್ತದೆ. ಭೂಭೌತಶಾಸ್ತ್ರದ ಲೆಕ್ಕಗಳೂ ಕ್ರಮಕ್ಕೆ ಹೊರಗಿನವು ಎಂದು ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 1897ರ ಅಸ್ಸಾಂ ಭೂಕಂಪದ ದಾಖಲೆಗಳನ್ನು ಓದಿ, ಮೊದಲು ಬರುವ ಅಲೆ, ಎರಡನೆಯದಾಗಿ ಬರುವ ಅಲೆ, ಕೊನೆಗೆ ಬರುವ ಮೇಲ್ಮೈ ಅಲೆ ಎಂದು ಬೇರ್ಪಡಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. 1906ರಲ್ಲಿ ಭೂಮಿಗೆ ಬೇರೆಯದೇ ಗುಣದ ಒಂದು ತಿರುಳಿದೆ ಎಂದು ಅಲೆಗಳು ಬಂದ ಹೊತ್ತಿನಿಂದಲೇ ತೋರಿಸಿದವರೂ ಅವರೇ. ಪರೀಕ್ಷೆಯಲ್ಲಿ ಬರುವ ಲೆಕ್ಕವೂ ಅದೇ ಜಾತಿಯದು. ಪಿ ಅಲೆ ಸೆಕೆಂಡಿಗೆ 6 ಕಿ.ಮೀ., ಎಸ್ ಅಲೆ 3.5 ಕಿ.ಮೀ. ಓಡುತ್ತದೆ ಎಂದಿಟ್ಟುಕೊಂಡರೆ ಪ್ರತಿ 100 ಕಿ.ಮೀ.ಗೆ ಎರಡರ ನಡುವೆ ಸುಮಾರು 12 ಸೆಕೆಂಡಿನ ಅಂತರ ಬೀಳುತ್ತದೆ. ಅಂತರ 24 ಸೆಕೆಂಡ್ ಎಂದರೆ ಭೂಕಂಪ ಸುಮಾರು 200 ಕಿ.ಮೀ. ದೂರದಲ್ಲಿ ಆಗಿದೆ. ಸೂತ್ರ ಮರೆತವನೂ ಇದನ್ನು ಎರಡು ನಿಮಿಷದಲ್ಲಿ ಕಟ್ಟಿಕೊಳ್ಳಬಲ್ಲ.

ಹೆಚ್ಚು ಕಷ್ಟದ ಆಕ್ಷೇಪಣೆ ಬದುಕಿನ ಕಡೆಯಿಂದ ಬರುವಂಥದು. ಬಂಡೆ ನೋಡಲು ಹೋಗಿ ಎಂದು ಹೇಳುವುದು ಸುಲಭ. ಕೆಲಸ ಮಾಡಿಕೊಂಡು ಓದುವವರಿದ್ದಾರೆ, ಬಸ್ಸಿನ ಖರ್ಚಿಗೂ ಯೋಚನೆ ಮಾಡಬೇಕಾದವರಿದ್ದಾರೆ, ಒಬ್ಬಳೇ ಗುಡ್ಡದ ಕಡೆ ಹೋಗಲು ಮನೆಯಲ್ಲಿ ಒಪ್ಪದ ಹೆಣ್ಣುಮಕ್ಕಳಿದ್ದಾರೆ. ಇವರಿಗೆ ಪ್ರವಾಸದ ಉಪದೇಶ ಮಾಡುವುದು ಅನ್ಯಾಯ. ಕ್ರಮದ ಅಭ್ಯಾಸಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಲಾಲ್‌ಬಾಗಿನ ಬಂಡೆ ನಗರದ ನಡುವೆಯೇ ಇದೆ. ಸುಮಾರು 300 ಕೋಟಿ ವರ್ಷದ ಗ್ನೈಸ್, ಬೆಳಗಿನ ವಾಯುವಿಹಾರಿಗಳ ಕಾಲಡಿಯಲ್ಲೇ ಬಿಳಿ–ಕಪ್ಪು ಪಟ್ಟೆಗಳನ್ನು ಬಿಚ್ಚಿಕೊಂಡು ಮಲಗಿದೆ. ಕಲ್ಯಾಣ ಕರ್ನಾಟಕದ ಮನೆಗಳಿಗೆ ಹಾಸಿರುವ ಶಹಾಬಾದ ಕಲ್ಲು ಭೀಮಾ ಜಲಾನಯನದ ಸುಣ್ಣಶಿಲೆ. ಬೇಲೂರು, ಹಳೇಬೀಡಿನ ಮೂರ್ತಿಗಳು ಬಳಪದ ಕಲ್ಲಿನವು. ಮೋಸ್ ಮಾಪಕದ ತಳದಲ್ಲಿರುವ ಟಾಲ್ಕ್ ಎಷ್ಟು ಮೆತ್ತಗೆ ಎಂಬುದಕ್ಕೆ ಆ ಕೆತ್ತನೆಯ ಎಳೆಗಳೇ ಸಾಕ್ಷಿ. ಅಡುಗೆಮನೆಯ ಕಟ್ಟೆಗೆ ಹಾಕಿಸಿದ ಗ್ರಾನೈಟ್ ಹಲಗೆಯಲ್ಲಿ ಒಂದು ನಾಳ ಇನ್ನೊಂದನ್ನು ಕತ್ತರಿಸಿದ್ದರೆ ಅಲ್ಲೂ ಪ್ರಶ್ನೆ ಹಾಕಬಹುದು. ಇನ್ನು ಭೂವೈಜ್ಞಾನಿಕ ನಕ್ಷೆ. ದಿನಕ್ಕೊಂದು ನಕ್ಷೆಗೆ ಅಡ್ಡಕೊಯ್ತದ ಚಿತ್ರ ಬರೆದು, ಪದರ, ಮಡಿಕೆ, ಸ್ತರಭಂಗ, ಒಡ್ಡು ಯಾವ ಕ್ರಮದಲ್ಲಿ ಆದವು ಎಂದು ನಾಲ್ಕು ಸಾಲಿನಲ್ಲಿ ಬರೆಯುವ ಅಭ್ಯಾಸಕ್ಕೆ ಪೆನ್ಸಿಲು, ಸ್ಕೇಲು ಸಾಕು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿದ್ದರೂ ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು ಎಂದೇ ನನ್ನ ಖಚಿತ ಅಭಿಪ್ರಾಯ.

ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗೆ ಇನ್ನೊಂದು ಕಷ್ಟವಿದೆ. ಭೂವಿಜ್ಞಾನಿ ಪರೀಕ್ಷೆಯ ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಪುಸ್ತಕಗಳೂ ಬಹುತೇಕ ಇಂಗ್ಲಿಷಿನವು. ಉರು ಹೊಡೆಯುವ ಆಸೆ ಇವರಲ್ಲಿ ಹೆಚ್ಚಾಗುವುದಕ್ಕೆ ಇದೂ ಕಾರಣ, ಪೂರ್ತಿ ಅರ್ಥವಾಗದ ವಾಕ್ಯವನ್ನು ಇದ್ದ ಹಾಗೆ ಹಿಡಿದಿಟ್ಟುಕೊಂಡರೆ ಧೈರ್ಯ. ಆದರೆ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಲು ಬಂದರೆ, ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು ಕಷ್ಟವಲ್ಲ. ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ತರ್ಕ ಯಾವ ಭಾಷೆಯಲ್ಲಾದರೂ ನಡೆಯುತ್ತದೆ. ಹಾಸ್ಟೆಲಿನ ಕೊಠಡಿಯಲ್ಲಿ ಇಬ್ಬರು ಮೂವರು ಕೂತು ತಮ್ಮ ನುಡಿಯಲ್ಲೇ ಒಂದು ನಕ್ಷೆಯ ಮೇಲೆ ವಾದ ಮಾಡುವ ಒಂದು ಗಂಟೆ, ಒಬ್ಬನೇ ಗೈಡು ತಿರುವಿಹಾಕುವ ಒಂದು ಸಂಜೆಗಿಂತ ಮೇಲು.

ಮೊದಲು ಪಾಸಾಗಲಿ, ತಿಳಿವಳಿಕೆ ಕೆಲಸಕ್ಕೆ ಸೇರಿದ ಮೇಲೆ ಬರುತ್ತದೆ ಎಂಬ ವಾದವನ್ನೂ ಕೇಳುತ್ತೇವೆ. ಕೆಲಸ ಎಂಥದು ಎಂದು ನೋಡಿದರೆ ಈ ವಾದ ನಿಲ್ಲುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಲ್ಲರೂ ಕೇಳಿದ್ದು ಯಾವ ಇಳಿಜಾರು ಮುಂದೆ ಕುಸಿಯಬಹುದು ಎಂದು. ಅದಕ್ಕೆ ಉತ್ತರ ಹೇಳಬೇಕಾದವರು ಮೇಲೆ ಎಷ್ಟು ದಪ್ಪ ಕೊಳೆತ ಪದರವಿದೆ, ಅದರಡಿ ಗಟ್ಟಿ ಶಿಲೆ ಎಲ್ಲಿ ಶುರುವಾಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ನೆಲವನ್ನು ಓದಬಲ್ಲವರಾಗಿರಬೇಕು. ಬಯಲುಸೀಮೆಯಲ್ಲಿ ಕೊಳವೆಬಾವಿಗೆ ಜಾಗ ತೋರಿಸುವುದೂ ಇದೇ ಓದು: ಗಟ್ಟಿ ಗ್ನೈಸಿನಲ್ಲಿ ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಸಾಲ ಮಾಡಿ ಕೊರೆಸುವ ರೈತನ ಹಣ ಆ ಓದಿನ ಮೇಲೆ ನಿಂತಿದೆ. ಪರೀಕ್ಷೆಗೆ ಕೂತ ತಿಂಗಳುಗಳಲ್ಲಿ ಈ ಅಭ್ಯಾಸ ಬೀಳದಿದ್ದರೆ ಕಡತಗಳ ನಡುವೆ ಅದು ಬೀಳುವುದು ಕಷ್ಟ.

ಈ ದಾರಿಯಲ್ಲಿ ಕರ್ನಾಟಕದವರಿಗೆ ಒಂದು ಕೊರತೆ ಇದೆ, ಅದನ್ನು ತುಂಬಿಕೊಳ್ಳಲು ಮೊದಲೇ ಯೋಚನೆ ಮಾಡಬೇಕು. ಕ್ರಮವನ್ನು ಅತ್ಯಂತ ನಿಖರವಾಗಿ ಹೇಳುವ ಸಾಧನ ಪಳೆಯುಳಿಕೆ. ಟ್ರೈಲೋಬೈಟ್ ಕಂಡರೆ ಕೇಂಬ್ರಿಯನ್ನಿನಿಂದ ಪರ್ಮಿಯನ್ನಿನ ಕೊನೆಯೊಳಗಿನ ಶಿಲೆ, ಅಮೊನೈಟ್ ಇದ್ದರೆ ಕ್ರಿಟೇಷಿಯಸ್ ಮುಗಿಯುವುದಕ್ಕೆ ಮೊದಲಿನದು. ನಮ್ಮ ನೆಲದ ಬಹುಪಾಲು ಶಿಲೆಗಳು ಇಂಥ ಪ್ರಾಣಿಗಳು ಹುಟ್ಟುವ ಮೊದಲೇ ಆದವು. ಚಿತ್ರದುರ್ಗದ ಪಟ್ಟಿಯಲ್ಲಿ, ಕಲಾದಗಿಯ ಸುಣ್ಣಶಿಲೆಗಳಲ್ಲಿ ಸ್ಟ್ರೊಮಟೊಲೈಟುಗಳಿವೆ, ಗುರುಮಠಕಲ್ ಸುತ್ತ ಲಾವಾ ಹರಿವುಗಳ ನಡುವಿನ ತೆಳು ಪದರಗಳಲ್ಲಿ ಪಳೆಯುಳಿಕೆಗಳಿವೆ. ಉಳಿದಂತೆ ಹೆಚ್ಚು ಸಿಗುವುದಿಲ್ಲ. ಹಾಗಾಗಿ ಜೀವಾವಶೇಷಶಾಸ್ತ್ರ ನಮ್ಮ ವಿದ್ಯಾರ್ಥಿಗಳಿಗೆ ಬರೀ ಲ್ಯಾಟಿನ್ ಹೆಸರುಗಳ ಪಟ್ಟಿಯಾಗಿ ಉಳಿದುಬಿಡುತ್ತದೆ, ಪತ್ರಿಕೆಯಲ್ಲಿ ಆ ಭಾಗವನ್ನು ಬಿಟ್ಟು ಬರುವವರೂ ಇದ್ದಾರೆ. ವಿಭಾಗದ ಕಪಾಟುಗಳಲ್ಲಿರುವ ಮಾದರಿಗಳನ್ನು ಹೊರತೆಗೆಸಿ, ಒಂದೊಂದನ್ನೂ ಕೈಯಲ್ಲಿ ಹಿಡಿದು, ಕಾಲಕ್ರಮದಲ್ಲಿ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಬೇಕು. ವಿಭಾಗದವರು ಕ್ಷೇತ್ರಾಧ್ಯಯನಕ್ಕೆ ಜಾಗ ಆರಿಸುವಾಗ ಅರಿಯಲೂರಿನ ಕ್ರಿಟೇಷಿಯಸ್ ಪದರಗಳ ಹೆಸರು ಹೇಳಿ ಕೇಳಬೇಕು. ಕಚ್ಛದ ಜುರಾಸಿಕ್, ಸ್ಪಿಟಿಯ ಶಿಲೆಗಳು ದೂರವಾದರೂ ತಮಿಳುನಾಡು ಪಕ್ಕದಲ್ಲೇ ಇದೆ.